ಗಾಯಗೊಂಡ ಎರಡನೆಯವನು

“ನೀವು ಪೇಪರ್‌ನ ಅಕ್ಕಾರೇನ್ರಿ?”

ಹೌದು ಅಂದೆ.

“ಗಾಯ ಆದವರು ಇಬ್ಬರು ಅಂತ ಬರದೀರಿ. ನಮ್ಮ ಮನ್ಯಾಗ ಒಬ್ಬರ ಅದಾರ. ಇನ್ನೊಬ್ಬಾಂವ ಯಾರ್ರಿ?”

ಬಸವನ ಬಾಗೇವಾಡಿಯ ನನ್ನ ಬಾಡಿಗೆ ಕೋಣೆಯಲ್ಲಿ ಬೆಳಗಿನ ಚಹಾ ಇನ್ನೂ ಒಲೆಯ ಮೇಲಿತ್ತು. ನಮ್ಮ ಪತ್ರಿಕೆಯ ತಾಲ್ಲೂಕು ಪುಟದ ಅಡಿಯಲ್ಲಿ ‘ಸುದ್ದಿಗಾಗಿ ಸಂಪರ್ಕಿಸಿ’ ಎಂದು ನನ್ನ ನಂಬರ್ ಅಚ್ಚಾಗುತ್ತದೆ. ಆ ನಂಬರಿಗೆ ಬರುವ ಕರೆಗಳು ಬಹುತೇಕ ಎರಡೇ ಬಗೆಯವು. ಸನ್ಮಾನದ ಫೋಟೋ ಯಾಕೆ ಬರಲಿಲ್ಲ ಎಂಬುದು ಒಂದು. ಬಂದ ಫೋಟೋದಲ್ಲಿ ತಮ್ಮ ಮುಖ ಯಾಕೆ ಅರ್ಧ ಕತ್ತರಿಸಿದೆ ಎಂಬುದು ಇನ್ನೊಂದು. ಈ ಹೆಂಗಸು ಎರಡನ್ನೂ ಕೇಳಲಿಲ್ಲ. ಸಿಂದಗಿ ತಾಲ್ಲೂಕಿನ ತನ್ನ ಊರಿನ ಹೆಸರು ಹೇಳಿ, ನಾನು ಉತ್ತರಿಸುವ ಮೊದಲೇ ಫೋನ್ ಇಟ್ಟಳು.

ಆ ಸುದ್ದಿ ನಾನು ಬರೆದದ್ದಲ್ಲ. ಅದು ಗುಂಪಿನ ಕಾಪಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕು ತಾಲ್ಲೂಕಿನ ಪತ್ರಕರ್ತರಿಗೆಲ್ಲ ಸೇರಿ ಫೋನಿನಲ್ಲಿ ಒಂದು ಗುಂಪಿದೆ. ಘಟನೆ ಯಾವ ಊರಿಗೆ ಹತ್ತಿರವೋ ಅಲ್ಲಿನವರು ಒಬ್ಬರು ಬರೆದು ಗುಂಪಿಗೆ ಹಾಕುತ್ತಾರೆ. ಉಳಿದವರು ಅದನ್ನೇ ತಮ್ಮ ತಮ್ಮ ಪತ್ರಿಕೆಗೆ ಕಳಿಸುತ್ತಾರೆ. ಯಾರೂ ಒಂದು ಸಾಲು ಹೆಚ್ಚು ಹಾಕುವಂತಿಲ್ಲ. ಹಾಕಿದರೆ ಮರುದಿನ ಉಳಿದವರಿಗೆ ಅವರವರ ಆಫೀಸಿನಿಂದ ಬೈಗುಳ: ಅವನಿಗೆ ಸಿಕ್ಕದ್ದು ನಿನಗ್ಯಾಕೆ ಸಿಗಲಿಲ್ಲ? ಇದನ್ನು ಸೋಮಾರಿತನ ಎನ್ನುವವರೊಂದಿಗೆ ನಾನು ಜಗಳವಾಡಿದ್ದೇನೆ. ಸುದ್ದಿಯೊಂದಕ್ಕೆ ಇಷ್ಟು ಎಂದು ಸಂಬಳ ಪಡೆಯುವವನು ಸ್ವಂತ ಪೆಟ್ರೋಲು ಸುಟ್ಟು ಏಪ್ರಿಲ್ ಬಿಸಿಲಿನಲ್ಲಿ ಮೂರು ತಾಲ್ಲೂಕು ದಾಟಿ ಹೋಗಲಿ ಎಂದು ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ.

ಆ ದಿನ ನಾನು ಇಂಡಿಯ ನಿಂಬೆಹಣ್ಣಿನ ಹರಾಜಿನಲ್ಲಿದ್ದೆ. ಸಿಂದಗಿಯ ಹಿರಿಯ ವರದಿಗಾರರು ಬರೆದದ್ದು ಗುಂಪಿಗೆ ಬಿತ್ತು. ವಿಜಯಪುರದಲ್ಲಿ ಪುಟ ಕಟ್ಟುವ ನಮ್ಮ ಡೆಸ್ಕಿನವರೂ ಆ ಗುಂಪಿನಲ್ಲಿದ್ದಾರೆ; ನಾನು ದರಪಟ್ಟಿ ಕಳಿಸುವಷ್ಟರಲ್ಲಿ ಅದು ಪುಟಕ್ಕೇರಿತ್ತು. “ಸಾಮಾಜಿಕ ಜಾಲತಾಣದಲ್ಲಿ ಹಾಕಲಾದ ವಿವಾದಾತ್ಮಕ ಚಿತ್ರದ ಹಿನ್ನೆಲೆಯಲ್ಲಿ ಎರಡು ಗುಂಪುಗಳ ನಡುವೆ ಘರ್ಷಣೆ ನಡೆದು ಇಬ್ಬರು ಗಾಯಗೊಂಡಿದ್ದಾರೆ. ಶೆಡ್ ಒಂದಕ್ಕೆ ಬೆಂಕಿ ತಗುಲಿದೆ. ಪರಿಸ್ಥಿತಿ ಹತೋಟಿಯಲ್ಲಿದೆ.” ಓದಿ ನನಗೆ ಏನೂ ಅನ್ನಿಸಿರಲಿಲ್ಲ. ಇಂಥ ಸುದ್ದಿ ಹೀಗೇ ಇರುತ್ತದೆ. ಇದರಲ್ಲಿ ತಪ್ಪು ಹುಡುಕಲು ಜಾಗವೇ ಇರುವುದಿಲ್ಲ.

ಚಹಾ ಉಕ್ಕಿ ಒಲೆ ಆರಿತು. ಒರೆಸಿ, ಸ್ಕೂಟಿ ತೆಗೆದೆ.

*

ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಊರಿನವರು ಇನ್ನೂ ಅಲ್ಲೇ ಬದುಕಬೇಕು, ಒಬ್ಬರ ಮುಖ ಒಬ್ಬರು ನೋಡಬೇಕು. ದೇವರ ಹಿಪ್ಪರಗಿ ದಾಟಿದ ಮೇಲೆ ಎರಡೂ ಕಡೆ ತೊಗರಿ ಕಟಾವಾಗಿ ಕೂಳೆ ನಿಂತಿತ್ತು. ಊರಿಗೆ ಮೊದಲು ಕಂಡದ್ದು ಶೆಡ್ಡೇ. ತಗಡು ಬಾಗಿ ಒಳಕ್ಕೆ ಕುಸಿದಿತ್ತು. ಒಳಗೆ ಹತ್ತಿ ಹಿಂಜುವ ಯಂತ್ರ, ಅದರ ಬೆಲ್ಟು ಕರಗಿ ರೋಲರಿಗೆ ಅಂಟಿಕೊಂಡಿತ್ತು. ಸುಟ್ಟ ಹತ್ತಿಯ ವಾಸನೆ ಸುಟ್ಟ ಕಾಗದದ ವಾಸನೆಯಂತೆಯೇ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ನದಾಫರ ಮನೆ. ತಲೆಮಾರುಗಳಿಂದ ಗಾದಿ ತುಂಬುವವರು. ಗಂಡ ನೆಲದ ಮೇಲೆ ಹಾಸಿದ ಕೌದಿಯಲ್ಲಿ ಮಲಗಿದ್ದ. ತಲೆಗೆ ಹೊಲಿಗೆ, ಎಡಗೈಗೆ ಪ್ಲಾಸ್ಟರು. ನನ್ನನ್ನು ನೋಡಿ ಏಳಲು ಹೋದ, ಹೆಂಡತಿ ಎದೆಯ ಮೇಲೆ ಕೈಯಿಟ್ಟು ಮಲಗಿಸಿದಳು. ಫೋನ್ ಮಾಡಿದವಳು ಅವಳೇ. ನಲವತ್ತರ ಆಸುಪಾಸು, ದನಿ ಗಟ್ಟಿ.

ನಡೆದದ್ದನ್ನು ಅವಳು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ. ಅವಳ ತಂಗಿಯ ಮಗ ದುಬೈಯಲ್ಲಿ ಕೆಲಸಕ್ಕಿದ್ದಾನೆ. ಎಲ್ಲೋ ದೂರದ ದೇಶದ ಯುದ್ಧದ ಚಿತ್ರವೊಂದನ್ನು ತನ್ನ ಫೋನಿನ ಸ್ಟೇಟಸ್ಸಿಗೆ ಹಾಕಿದ. ಈ ಊರಿನ ಒಂದಿಬ್ಬರ ಫೋನಿನಲ್ಲಿ ಅವನ ನಂಬರ್ ಇತ್ತು. ಅವರು ಅದರ ಫೋಟೋ ತೆಗೆದು ಊರಿನ ಗುಂಪಿಗೆ ಹಾಕಿದರು. ಹುಡುಗ ದುಬೈಯಲ್ಲಿ, ಕೈಗೆ ಸಿಗುವುದಿಲ್ಲ. ಸಿಗುವವನು ಗಾದಿ ತುಂಬುವ ದೊಡ್ಡಪ್ಪ.

“ಹತ್ತು ಹನ್ನೆರಡು ಮಂದಿ ಬಂದ್ರು. ಇವರ ಧರ್ಮ ಹಿಡದು ಬೈದ್ರು. ಅಲ್ಲೇ ಹೋಗಿ ಸಾಯ್ರಿ ಅಂದ್ರು. ಅಲ್ಲೇ ಅಂದ್ರ ಎಲ್ಲಿ ಅಂತ ಇವರಿಗೆ ಗೊತ್ತಾಗಲಿಲ್ಲ, ಎಲ್ಲಿಗೋ ತಮ್ಮಾ ಅಂತ ಕೇಳಿದ್ರು. ಅದಕ್ಕ ಇನ್ನೂ ಸಿಟ್ಟಾತು ಅವರಿಗೆ.”

ಮಲಗಿದ್ದವನು ತಲೆದಿಂಬಿನ ಕೆಳಗಿನಿಂದ ತನ್ನ ಫೋನ್ ತೆಗೆದು ನನ್ನತ್ತ ಚಾಚಿದ. ಗುಂಡಿ ಒತ್ತುವ ಹಳೆಯ ಫೋನು. “ಇದರಾಗ ಎಲ್ಲಿ ಹಾಕ್ತಾರಂತ್ರಿ ಚಿತ್ರಾ? ನೀವು ಶ್ಯಾಣ್ಯಾರ ಇದ್ದೀರಿ, ತೋರಸ್ರಿ,” ಎಂದ. ನಗಲು ಹೋಗಿ ಹೊಲಿಗೆ ಎಳೆದು ಮುಖ ಸಿಂಡರಿಸಿದ.

ನಾನು ಸುಲಭಕ್ಕೆ ನಂಬುವವಳಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತಾಗ ಪರವೋ ವಿರೋಧವೋ ಎಂಬುದು ಚೀಟಿ ಎತ್ತಿ ತಿಳಿಯುತ್ತಿತ್ತು. ಗಲಭೆಯ ಸುದ್ದಿಯಲ್ಲಿ ಕೋಮಿನ ಹೆಸರು ಹಾಕಬಾರದು ಎಂದು ಒಂದು ವರ್ಷ ವಾದಿಸಿ ಗೆದ್ದೆ, ಹಾಕಲೇಬೇಕು ಎಂದು ಮುಂದಿನ ವರ್ಷ ವಾದಿಸಿ ಗೆದ್ದೆ. ಆಮೇಲೆ ಯಾರು ಅತ್ತರೂ ಅವರ ಎದುರಾಳಿ ಏನು ಹೇಳಬಹುದೆಂದೇ ಮೊದಲು ಯೋಚನೆ ಬರುತ್ತದೆ. ಅದು ಗುಣವೋ ರೋಗವೋ ತಿಳಿಯದು. ದಾರಿಯಲ್ಲೇ ಠಾಣೆಗೆ ಫೋನ್ ಮಾಡಿ ಪ್ರತಿದೂರಿನ ವಿಷಯ ಕೇಳಿಕೊಂಡಿದ್ದೆ.

“ನಿಮ್ಮವರು ಒಂದೂ ಏಟು ಹಾಕಲಿಲ್ಲ ಅಂತ ನಾ ಹ್ಯಾಂಗ ನಂಬಲಿ ಅಕ್ಕಾ? ಅವರೂ ದೂರು ಕೊಟ್ಟಾರ. ಉರಿಯೋ ಹತ್ತಿ ಉಂಡಿ ಒಗದು ಹುಡುಗನ ಕೈ ಸುಟ್ಟಾರ ಅಂತ ಐತಿ.”

“ನಂಬಬ್ಯಾಡ್ರಿ,” ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. “ಆ ಹುಡುಗನ ಮನಿ ಎರಡ ಓಣಿ ಆಚಿಗೈತಿ. ಅವನ್ನ ಕೇಳ್ರಿ. ಯಾರೂ ಕೇಳೇ ಇಲ್ಲ.”

ಸೋಮವಾರ ಊರ ಹೆಬ್ಬಾಗಿಲಿನ, ಅಂದರೆ ಅಗಸಿಯ, ಕಟ್ಟೆಯ ಮೇಲೆ ರಾಜಿ ಎಂದು ಹಿರಿಯರು ಗೊತ್ತುಮಾಡಿದ್ದರು. ಎರಡೂ ಕಡೆಯವರು ದೂರು ಹಿಂದೆ ತೆಗೆದುಕೊಳ್ಳುವುದು, ಬೆಂಕಿ ಆಕಸ್ಮಿಕ ಎಂದು ಬರೆದು ಸಹಿ ಹಾಕುವುದು. ಒಪ್ಪಿಸಲು ಬಂದವರ ಕೈಯಲ್ಲಿ ಪೇಪರಿತ್ತು. ನೋಡವ್ವಾ, ಪೇಪರ್‌ನವರೇ ಇಬ್ಬರಿಗೂ ಗಾಯ ಅಂದಾರ, ಇಬ್ಬರದೂ ತಪ್ಪೈತಿ.

“ಶೆಡ್ ಹೋದ್ರ ಹೋಗಲಿ. ಸಹಿ ಮಾಡಿದ್ರ ನಾವೂ ಹೊಡದಂಗಾತಲ್ರಿ? ನಾಳೆ ಮತ್ತ ಬಂದು ಬಡದ್ರ, ಇವರು ಮೊದಲಿಂದನೂ ಹೊಡದಾಡೋ ಮಂದಿ ಅಂತ ಅದ ಕಾಗದ ತೋರಸ್ತಾರ.”

ಅವಳಿಗೆ ಬೇಕಾದದ್ದು ಇಷ್ಟೇ. ಸೋಮವಾರದೊಳಗೆ, ಅದೇ ಪೇಪರಿನಲ್ಲಿ, ಆ ಎರಡನೆಯವನು ಯಾರೆಂದು ಬರಬೇಕು.

*

ಹುಡುಗ ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದ. ಇಪ್ಪತ್ತು ದಾಟಿರಬಹುದು. ಬಲಗೈಗೆ ಮಣಿಕಟ್ಟಿನವರೆಗೆ ಬಿಳಿ ಬಟ್ಟೆ, ಅಂಗೈಯ ಕಡೆ ಮುಲಾಮಿನ ಕಲೆ. ಒಳಗೆ ಅವನ ತಾಯಿ ರೊಟ್ಟಿ ಬಡಿಯುವ ಸದ್ದು. ನಾನು ಯಾರೆಂದು ಹೇಳಿ, ಮಾತು ರೆಕಾರ್ಡ್ ಆಗುತ್ತದೆ ಎಂದೂ ಹೇಳಿ, ಫೋನನ್ನು ಹೊರಸಿನ ಮೇಲೆ ಅವನಿಗೆ ಕಾಣುವ ಹಾಗೆ ಇಟ್ಟೆ. ಅವನಿಗೆ ಖುಷಿಯಾಯಿತು. ಎಡಗೈಯಿಂದ ತನ್ನ ಫೋನ್ ತೆಗೆದು ತೋರಿಸಿದ. ನಾಲ್ಕು ಪತ್ರಿಕೆಗಳ ಆ ಸುದ್ದಿಯನ್ನು ಒಂದರ ಪಕ್ಕ ಒಂದು ಜೋಡಿಸಿ ಮಾಡಿದ ಚಿತ್ರ.

“ನಾಕ ಪೇಪರ್‌ನ್ಯಾಗ ಬಂದೇನ್ರಿ ಅಕ್ಕಾರ. ಹೆಸರ ಹಾಕಿಲ್ಲ, ಅಷ್ಟ.”

ನಾನು ಅವನ ಪರ ವಕೀಲಳಂತೆಯೇ ಕೇಳುತ್ತ ಹೋದೆ. ಎಲ್ಲಿ ನಿಂತಿದ್ದೆ? ಶೆಡ್ಡಿನ ಒಳಗೋ ಹೊರಗೋ? ಅವರು ಯಾವ ಕಡೆಯಿಂದ ಒಗೆದರು? ಉರಿಯುವ ಉಂಡೆ ಬಂದರೆ ಮುಖಕ್ಕೆ ಅಡ್ಡ ಹಿಡಿಯುವುದು ಕೈಯ ಹಿಂಬದಿ ಅಲ್ಲವೇ? ನಿನ್ನ ಅಂಗೈ ಹೇಗೆ ಸುಟ್ಟಿತು? ಅವನನ್ನು ಸಿಕ್ಕಿಹಾಕಿಸಲು ಕೇಳಿದ್ದಲ್ಲ. ಆ ಹೆಂಗಸಿನ ಮಾತು ಸುಳ್ಳಾಗುವ ಸಾಧ್ಯತೆ ಎಲ್ಲಾದರೂ ಇದ್ದರೆ ಅದು ಇಲ್ಲೇ ಸಿಗಬೇಕಿತ್ತು.

ಮೂರನೆಯದೋ ನಾಲ್ಕನೆಯದೋ ಪ್ರಶ್ನೆಗೆ ಅವನಿಗೆ ಬೇಸರ ಬಂತು.

“ಏ, ಅಂವೇನ್ ಒಗೀತಾನ್ರಿ! ಅವನ ಕೈ ಆಗಲೇ ಮುರದಿತ್ತು, ಮೂಲ್ಯಾಗ ಕುಂತು ಅಳಾಕತ್ತಿದ್ದ. ಹತ್ತಿ ಅಷ್ಟು ಲಗೂ ಹತ್ತಕೊಂತೈತಿ ಅಂತ ನನಗೇನ್ ಗೊತ್ತು? ಕಡ್ಡಿ ಗೀರೂದಷ್ಟ ತಡ, ಭಗ್ ಅಂತು.”

ರೊಟ್ಟಿಯ ಸದ್ದು ನಿಂತಿತು. “ಬಾಯಿ ಮುಚ್ಚೋ ಭಾಡ್ಯಾ,” ಎಂದು ತಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಇದನ್ನ ಬರೀತೇನಿ,” ಎಂದು ನಾನು ಅವನಿಗೆ ಹೇಳಿದೆ. ಹೇಳದೆ ಎದ್ದು ಬರುವುದು ಸರಿಯಲ್ಲ ಅನ್ನಿಸಿತು.

“ಬರೀರಿ. ನಮ್ಮೂರಾಗ ಯಾರಿಗೆ ಗೊತ್ತಿಲ್ಲ ಇದು?”

ತಾಯಿ ನನ್ನ ಹಿಂದೆ ಓಣಿಯ ತಿರುವಿನವರೆಗೂ ಬಂದಳು. ಅಲ್ಲಿ ನಿಂತು ಸುತ್ತ ನೋಡಿದಳು. “ತಂಗೀ, ಅವಂದು ಬಾಯಿ ಹಗರ ಐತಿ. ಸಾಲಿ ಬಿಟ್ಟು ತಿರಗತಾನ, ಮಂದಿ ಕರದಲ್ಲಿ ಹೊಕ್ಕಾನ. ಹೆಸರ ಬರೀಬ್ಯಾಡವಾ.” ಅವಳ ಕೈಯ ಹಿಟ್ಟು ನನ್ನ ತೋಳಿಗೆ ಮೆತ್ತಿತು. ಹೆಸರು ಬರೆಯುವುದಿಲ್ಲ, ನಡೆದದ್ದು ಬರೆಯುತ್ತೇನೆ ಎಂದೆ. ಅವಳಿಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ.

*

ಸಿಂದಗಿಯ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಹಿರಿಯ ವರದಿಗಾರರು ಸಿಕ್ಕರು. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಪಂಚನಾಮೆ ಎಂದರೇನು, ಪೊಲೀಸರಿಂದ ಏನು ಕೇಳಬೇಕು, ಏನು ಕೇಳಬಾರದು ಎಂದು ನನಗೆ ಕಲಿಸಿದವರು ಅವರೇ. ನನಗೂ ಒಂದು ಚಹಾ ಹೇಳಿದರು.

“ಸ್ಪಾಟಿಗೆ ಹೋಗಿದ್ರೇನ್ರಿ ಸರ್?”

“ಠಾಣೇಕ ಹೋಗಿದ್ದೆ.”

“ಎರಡನೇ ಗಾಯ ಹ್ಯಾಂಗ ಆತು ಅಂತ ಕೇಳಿದ್ರಿ?”

“ನೋಡವಾ ಡಿಬೇಟ್ ರಾಣಿ, ಲೆಕ್ಕ ಭಾಳ ಸರಳೈತಿ. ಒಂದ ದೂರು ಬಂದ್ರ ಹಲ್ಲೆ. ಎರಡು ದೂರು ಬಂದ್ರ ಘರ್ಷಣೆ. ಎರಡು ಬಂದಿದ್ದು, ಘರ್ಷಣೆ ಅಂತ ಬರದೆ. ನನ್ನ ಕಾಪಿ ತಪ್ಪೇನು?”

“ಹಂಗಾದ್ರ ಮನಿ ಕಿಡಕಿ ಒಡದು ಒಳಗ ಹೊಕ್ಕ ಕಳ್ಳಗ ಗಾಜು ಚುಚ್ಚಿದ್ರ, ಅದೂ ಘರ್ಷಣೇನ? ಇಬ್ಬರಿಗೆ ಗಾಯ?”

ಅವರು ನಕ್ಕರು. ಚಹಾ ಬಸಿಗೆ ಸುರಿದುಕೊಂಡರು. ಆಮೇಲೆ ನಗು ನಿಲ್ಲಿಸಿ ಹೇಳಿದ್ದು ನನಗೆ ನೆನಪಿದೆ. ಹಿಂದೊಮ್ಮೆ ಒಂದು ಪತ್ರಿಕೆ ಅವರ ಕಾಪಿಗೆ ತಾನೇ ಕೋಮಿನ ಹೆಸರು ಸೇರಿಸಿತ್ತಂತೆ. ಮರುದಿನ ಬೇರೆ ಎರಡು ಊರುಗಳಲ್ಲಿ ಅಂಗಡಿಗಳಿಗೆ ಕಲ್ಲು ಬಿದ್ದವಂತೆ. “ಅವತ್ತಿಂದ ನಾ ಹೆಸರ ಬರ್ಯಂಗಿಲ್ಲ. ನೀ ಇವತ್ತ ಇಂಡಿ, ನಾಳೆ ಮುದ್ದೇಬಿಹಾಳ. ನಾ ಇಲ್ಲೇ ಇರಬೇಕು. ನನ್ನ ಮೊಮ್ಮಗಳು ಅವರ ಮಕ್ಕಳ ಜೋಡಿನ ಸಾಲಿಗೆ ಹೊಕ್ಕಾಳ.”

ಇದಕ್ಕೆ ನನ್ನ ಬಳಿ ಉತ್ತರವಿತ್ತು. ಒಂದಲ್ಲ, ಮೂರಿದ್ದವು. ಆದರೆ ಆ ಕಲ್ಲು ಬಿದ್ದದ್ದೂ ನಿಜವೇ ಇರಬೇಕು. ಅವರು ಬಸಿಯ ಚಹಾ ಕುಡಿಯದೆ ಕೆಳಗಿಟ್ಟರು.

“ತಿದ್ದುಪಡಿ ಹಾಕಸ್ತೀನ್ರಿ ಸರ್,” ಎಂದೆ.

“ಹಾಕಸು. ಆದ್ರ ಒಂದ್ ಪೇಪರ್‌ನ್ಯಾಗ ತಿದ್ದುಪಡಿ ಬಂದ್ರ ಉಳದ ಮೂರೂ ಸುಳ್ಳು ಬರದಂಗಾತು. ಗುಂಪಿನ ಕಾಪಿ ಮುರದಾಂವ ಗುಂಪಿನ್ಯಾಗ ಉಳ್ಯಾಕ ಆಗೂದಿಲ್ಲವಾ. ಇದು ನಾ ಮಾಡಿದ ನಿಯಮ ಅಲ್ಲ.”

ಚಹಾದ ದುಡ್ಡು ನನಗೆ ಕೊಡಲು ಬಿಡಲಿಲ್ಲ.

*

ವಿಜಯಪುರದ ನಮ್ಮ ಡೆಸ್ಕಿನ ಮುಖ್ಯಸ್ಥರು ಫೋನಿನಲ್ಲಿ ಎಲ್ಲ ಕೇಳಿಸಿಕೊಂಡರು. ತಿದ್ದುಪಡಿ ಹಾಕುವುದು ಹೆಸರು, ದಿನ, ಫೋಟೋ ತಪ್ಪಾದಾಗ ಮಾತ್ರ ಎಂದರು. “ಗಾಯ ಆದವರು ಇಬ್ಬರು ಅನ್ನೂದು ಖರೇನ ಐತೆಲ್ಲ? ಇಬ್ಬರಿಗೂ ಆಗೇತಿ. ಏನ್ ತಿದ್ದಲಿ?” ಆ ವಾಕ್ಯದಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ, ಅದೇ ನನ್ನ ತಕರಾರು. ಹದಿನೈದು ನಿಮಿಷ ವಾದಿಸಿದೆ. ಕೊನೆಗೆ ಅವರು, “ಇದು ಕಾಲೇಜ್ ಸ್ಟೇಜ್ ಅಲ್ಲ ತಂಗಿ, ನನಗ ಪುಟ ಬಿಡೂದೈತಿ,” ಎಂದು ಇಟ್ಟರು.

ಕೋಣೆಗೆ ಮರಳಿದ ಮಧ್ಯಾಹ್ನ ದೆಹಲಿಯಿಂದ ಕರೆ ಬಂತು. ಇಂಗ್ಲಿಷಿನ ಸುದ್ದಿತಾಣವೊಂದರ ಸಂಪಾದಕಿ, ನನ್ನದೇ ವಯಸ್ಸಿನವಳು. ಶೆಡ್ ಉರಿಯುವ ಯಾರದೋ ವಿಡಿಯೊ ಅವರಿಗೆ ದುಬೈ ಮೂಲಕ ತಲುಪಿತ್ತು. ಸಿಂದಗಿಯಿಂದ ಹತ್ತು ಮೈಲಿಯಲ್ಲಿ ನಡೆದದ್ದು ಸಮುದ್ರ ದಾಟಿ ದೆಹಲಿಗೆ ಹೋಗಿ ಬಾಗೇವಾಡಿಯ ನನ್ನ ಕೋಣೆಗೆ ಬಂದಿತ್ತು. ಅವರ ಬಳಿ ದೇಶದ ನಕಾಶೆಯೊಂದಿದೆಯಂತೆ, ಇಂಥ ಊರುಗಳಿಗೆಲ್ಲ ಒಂದೊಂದು ಕೆಂಪು ಚುಕ್ಕೆ. ಇವಳನ್ನು ಕೆಟ್ಟವಳಾಗಿ ಚಿತ್ರಿಸಿದರೆ ನನಗೆ ಅನುಕೂಲ, ಆದರೆ ಅವಳು ನನ್ನ ಡೆಸ್ಕಿಗಿಂತ ಒಳ್ಳೆಯ ಪ್ರಶ್ನೆ ಕೇಳಿದಳು. ಹುಡುಗನ ಮಾತಿನ ರೆಕಾರ್ಡಿಂಗ್ ಇದೆ ಎಂದಾಗ, ಅವನಿಗೆ ತಿಳಿಸಿಯೇ ಮಾಡಿದ್ದೇ ಎಂದು ಕೇಳಿದಳು.

ಅವಳ ಷರತ್ತು ಸ್ಪಷ್ಟವಿತ್ತು. ರೆಕಾರ್ಡಿಂಗ್, ಹೆಂಡತಿ ಮಾತಾಡುವ ವಿಡಿಯೊ, ಎರಡೂ ಅವರಿಗೇ ಮೊದಲು. ವಕೀಲರು ನೋಡಬೇಕು, ಮುಂದಿನ ವಾರ ಪ್ರಕಟಣೆ. ಅಲ್ಲಿಯವರೆಗೆ ಬೇರೆಲ್ಲೂ ಒಂದು ಸಾಲೂ ಬರಬಾರದು. ನನ್ನ ಹೆಸರು ಮೇಲೆ ಇರುತ್ತದೆ. ಅವರಿಗೆ ದಕ್ಷಿಣದಲ್ಲಿ ಒಬ್ಬರು ಬೇಕಾಗಿದ್ದಾರೆ ಎಂದೂ ಹೇಳಿದಳು. ಸಂಜೆಯೊಳಗೆ ತಿಳಿಸುತ್ತೇನೆ ಎಂದೆ.

ಸುಳ್ಳೇಕೆ, ನನಗೆ ಹೋಗಬೇಕೆನ್ನಿಸಿತು. ಆ ಕೋಣೆಯ ತಗಡಿನ ಮಾಡು ಆ ಹೊತ್ತಿಗೆ ಕಾಯ್ದು ಟಿಕ್ ಟಿಕ್ ಎನ್ನುತ್ತಿರುತ್ತದೆ. ಗಂಟೆಗಟ್ಟಲೆ ವಾದ ಮಾಡಬಲ್ಲೆ, ಆದರೆ ದಿನ ಮುಗಿದ ಮೇಲೆ ಅದನ್ನು ಹೇಳಿಕೊಳ್ಳಲು ಈ ನಾಲ್ಕು ತಾಲ್ಲೂಕಿನಲ್ಲಿ ಒಬ್ಬರಿಲ್ಲ. ಚಡಚಣದಿಂದ ಅವ್ವ ದಿನಾ ಒಂದು ಸಲ ಫೋನ್ ಮಾಡಿ ಮನೆಯ ಮರಾಠಿಯಲ್ಲಿ ಕೇಳುತ್ತಾಳೆ, “ಜೇವ್ಲೀಸ್ ಕಾ?” ಊಟ ಆಯಿತು ಅನ್ನುತ್ತೇನೆ. ಅಲ್ಲಿಗೆ ನಮ್ಮ ಮಾತು ಮುಗಿಯುತ್ತದೆ. ಅವತ್ತೂ ಹಾಗೇ ಅಂದೆ. ಊಟ ಆಗಿರಲಿಲ್ಲ.

ಆಮೇಲೆ ಆ ಹೆಂಗಸಿಗೆ ಫೋನ್ ಮಾಡಿದೆ. ದೆಹಲಿಯದನ್ನು ವಿವರಿಸಿದೆ. ದೇಶವೆಲ್ಲ ಓದುತ್ತದೆ, ಹೊರದೇಶದವರೂ ಓದುತ್ತಾರೆ ಎಂದೆ. ಮಾರುವವಳ ಹಾಗೆ ಹೇಳಿದೆನೇನೋ.

“ದಿಲ್ಲಿ ಪೇಪರ್ ನಮ್ಮೂರ ಹೋಟೆಲ್ಲಿಗೆ ಬರತೈತೇನ್ರಿ ಅಕ್ಕಾ?”

“ಅದು ಪೇಪರ್ ಅಲ್ಲ, ಫೋನಿನ್ಯಾಗ…”

“ದುಬೈದಾಗ ನನ್ನ ತಂಗಿ ಮಗ ನೋಡತಾನ, ಅಳತಾನ. ಅವನ ಅಳು ತೊಗೊಂಡು ಏನ್ ಮಾಡ್ಲಿ? ಸೋಮವಾರ ಕಟ್ಟಿ ಮ್ಯಾಲ ಕುಂದರೂದು ನಾನು. ಸುಳ್ಳು ಎಲ್ಲಿ ಬಂದೈತೋ ಖರೇನೂ ಅಲ್ಲೇ ಬರಬೇಕಲ್ರಿ.”

ಇನ್ನೊಂದು ಕೇಳುವುದಿತ್ತು. ಅವರು ಮುಸ್ಲಿಮರು, ಹೊಡೆದದ್ದು ಅದಕ್ಕೇ ಎಂದು ಬರೆಯಲೇ? ಸಿಂದಗಿಯ ಹಿರಿಯ ವರದಿಗಾರರ ಭಯವನ್ನೂ ಅವಳಿಗೆ ಹೇಳಿದೆ. ಬರೆದರೆ ಬೇರೆ ಊರಲ್ಲಿ ಏನಾದರೂ ಆಗಬಹುದು.

“ಊರಾಗ ಎಲ್ಲಾರಿಗೂ ಗೊತ್ತೈತಿ. ಬಡಿಯಾಕ ಬಂದವರಿಗೂ ಗೊತ್ತಿತ್ತು. ಪೇಪರಿಗೊಂದ ಗೊತ್ತಿಲ್ಲೇನ್ರಿ?”

ದೆಹಲಿಗೆ ಆಗುವುದಿಲ್ಲ ಎಂದು ತಿಳಿಸಿದೆ. ಸಂಪಾದಕಿ ಕಾರಣ ಕೇಳಿದಳು. ಸೋಮವಾರ ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಅದು ಅವಳ ತಪ್ಪಲ್ಲ.

*

ಎರಡು ದಿನ ಬರೆದೆ, ಅಂದರೆ ಎರಡು ದಿನ ಅಳಿಸಿದೆ. ಮೊದಲ ಕರಡಿನಲ್ಲಿ ವಾದವಿತ್ತು, ಅದನ್ನು ತೆಗೆದೆ. ಎರಡನೆಯದರಲ್ಲಿ ಸುಟ್ಟ ಹತ್ತಿಯ ವಾಸನೆಯಿತ್ತು, ಅದನ್ನೂ ತೆಗೆದೆ. ಯಾರು ಬಂದರು, ಏನೆಂದರು, ಮೊದಲು ಏನಾಯಿತು, ಆಮೇಲೆ ಏನಾಯಿತು. ಸ್ಟೇಟಸ್ ಹಾಕಿದವನು ಯಾರು, ಹೊಡೆಸಿಕೊಂಡವನ ಫೋನು ಎಂಥದ್ದು. ಪ್ರತಿದೂರು ಕೊಟ್ಟ ಯುವಕ ತನ್ನ ಕೈ ಸುಟ್ಟದ್ದು ಹೇಗೆಂದು ತಾನೇ ಹೇಳಿದ ಮಾತು, ಹೆಸರಿಲ್ಲದೆ, ಅವನದೇ ಶಬ್ದಗಳಲ್ಲಿ. ಠಾಣೆಯ ಅಧಿಕಾರಿಯನ್ನು ಕಂಡು ಬಂದೆ. ತನಿಖೆ ನಡೆದಿದೆ ಎಂದರು, ಅದನ್ನೂ ಹಾಕಿದೆ. ‘ಘರ್ಷಣೆ’ ಎಂಬ ಪದ ಎಲ್ಲೂ ಬಳಸಲಿಲ್ಲ.

ಈ ಸಲ ಡೆಸ್ಕಿನೊಂದಿಗೆ ವಾದಿಸಲಿಲ್ಲ. ಕಳಿಸಿ, ರೆಕಾರ್ಡಿಂಗನ್ನೂ ಜೊತೆಗೆ ಕಳಿಸಿ, ಸುಮ್ಮನೆ ಕಾದೆ. ಭಾನುವಾರ ಮಧ್ಯಾಹ್ನ ಮುಖ್ಯಸ್ಥರೇ ಕರೆದರು.

“ಕೇಳಿದೆ,” ಎಂದರು. ರೆಕಾರ್ಡಿಂಗನ್ನು ಎರಡು ಸಲ ಹಾಕಿ ಕೇಳಿದ್ದರಂತೆ. “‘ಮುಸ್ಲಿಂ’ ಅಂತ ನಾಕ ಸಲ ಐತಿ. ಒಂದ ಸಲ ಬಿಡ್ತೀನಿ. ಹೆಡ್ಡಿಂಗ್‌ನ್ಯಾಗ ಅಲ್ಲ.”

“ಆಗಲ್ರಿ.”

“ಬೈಲೈನ್ ನಿಂದು. ‘ನಮ್ಮ ಪ್ರತಿನಿಧಿ’ ಅಂತ ಹಾಕೂದಿಲ್ಲ. ಯಾರರ ಕೋರ್ಟಿಗೆ ಹೋದ್ರ ನಿನ್ನ ಹೆಸರಿಗೆ ಹೊಕ್ಕಾರ. ಬ್ಯಾಡ ಅಂದ್ರ ಈಗ ಹೇಳು, ನಾ ಏನೂ ತಿಳ್ಕೊಳ್ಳೂದಿಲ್ಲ.”

ಹಾಕ್ರಿ ಅಂದೆ.

ಸೋಮವಾರ ಬೆಳಿಗ್ಗೆ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಕಟ್ಟು ಬಿಚ್ಚಿದಾಗಲೇ ಒಂದು ಪ್ರತಿ ತೆಗೆದುಕೊಂಡೆ. ಒಳಪುಟ, ಕೆಳಗಿನ ಮೂಲೆ, ಮೇಲೆ ಸಕ್ಕರೆ ಕಾರ್ಖಾನೆಯ ಸಭೆ. ಶೀರ್ಷಿಕೆ: ‘ಶೆಡ್ ಬೆಂಕಿ ಪ್ರಕರಣಕ್ಕೆ ಹೊಸ ತಿರುವು’. ಪ್ರಪಂಚದಲ್ಲಿ ಇದಕ್ಕಿಂತ ಸಪ್ಪೆ ಶೀರ್ಷಿಕೆ ಸಾಧ್ಯವಿರಲಿಲ್ಲ. ಸ್ಕೂಟಿ ಶುರು ಮಾಡುವ ಮೊದಲೇ ಫೋನ್ ಒಮ್ಮೆ ನಡುಗಿತು. ಗುಂಪಿನಿಂದ ನನ್ನನ್ನು ತೆಗೆಯಲಾಗಿತ್ತು. ಯಾರೂ ಏನೂ ಬರೆದಿರಲಿಲ್ಲ.

*

ಅಗಸಿಯ ಕಟ್ಟೆಯ ಮೇಲೆ ಹಿರಿಯರು, ಕೆಳಗೆ ಊರು. ಹುಡುಗ ತಾಯಿಯ ಜೊತೆ ಒಂದು ಬದಿಗೆ. ಹೆಂಗಸು ಒಬ್ಬಳೇ ಬಂದಿದ್ದಳು, ಗಂಡನಿಗೆ ಏಳಲಾಗಿರಲಿಲ್ಲ. ನಾನು ಹೋಟೆಲಿನ ಚಪ್ಪರದ ಕೆಳಗೆ ನಿಂತೆ. ಹೋಟೆಲಿನವನು ಮಾತಾಡಿಸಲಿಲ್ಲ, ಆದರೆ ಕೇಳದೆ ಚಹಾ ತಂದಿಟ್ಟ.

ಊರ ಗೌಡರು ರಾಜಿಯ ಕಾಗದ ತೆಗೆದರು. ಅವಳು ನಮ್ಮ ಪೇಪರನ್ನು ಮಡಚಿ ಅವರ ಮುಂದೆ ಇಟ್ಟಳು. ಅವರು ಕನ್ನಡಕ ಹಾಕಿ ಪೂರ್ತಿ ಓದಿದರು, ಮನಸ್ಸಿನಲ್ಲೇ. ಹುಡುಗನತ್ತ ಒಮ್ಮೆ ನೋಡಿದರು. ಆಮೇಲೆ ಪಕ್ಕಕ್ಕಿಟ್ಟರು.

“ನೋಡವ್ವಾ, ಇದು ಒಂದ ಪೇಪರ್‌ನ್ಯಾಗ ಬಂದೈತಿ. ಆವತ್ತಿಂದು ನಾಕ ಪೇಪರ್‌ನ್ಯಾಗ ಬಂದೈತಿ. ಒಂದರ ಮಾತು ಕೇಳೂದೋ, ನಾಕರದ್ದೋ?”

ಕಟ್ಟೆಯ ಮೇಲಿದ್ದವರು ತಲೆಯಾಡಿಸಿದರು. ನನ್ನ ಬಾಯಿ ತೆರೆದಿತ್ತು. ಇದಕ್ಕೆ ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದು ಕೂತಿತ್ತು. ಬಹುಮಾನ ಬರುವಂಥ ಮಾತು. ಅವಳು ತಿರುಗಿ ನನ್ನತ್ತ ನೋಡಿದಳು. ಆ ನೋಟ ನೆರವು ಕೇಳುವಂಥದ್ದಾಗಿರಲಿಲ್ಲ. ಬಾಯಿ ಮುಚ್ಚಿದೆ.

“ಗೌಡ್ರ, ನಾಕೂ ಓದ್ರಿ,” ಎಂದಳು. “ಎಲ್ಲಾರೂ ಕೇಳಲಿ. ನಾಕರಾಗೂ ನಾವು ಬಡದೇವಿ ಅಂತ ಇದ್ದರ ಈಗ ಸಹಿ ಮಾಡ್ತೇನಿ.”

ಹೋಟೆಲಿನ ತಂತಿಗೆ ಹಳೆಯ ಪೇಪರುಗಳು ಸಿಕ್ಕಿಸಿದ್ದವು. ತರಿಸಿದರು. ಗೌಡರು ಮೊದಲನೆಯದನ್ನು ಗಟ್ಟಿಯಾಗಿ ಓದಿದರು. “…ಘರ್ಷಣೆ ನಡೆದು ಇಬ್ಬರು ಗಾಯಗೊಂಡಿದ್ದಾರೆ. ಶೆಡ್ ಒಂದಕ್ಕೆ ಬೆಂಕಿ ತಗುಲಿದೆ. ಪರಿಸ್ಥಿತಿ ಹತೋಟಿಯಲ್ಲಿದೆ.” ಎರಡನೆಯದು ನಮ್ಮದೇ ಹಳೆಯ ಸಂಚಿಕೆ. ಓದಿದರು. “…ಪರಿಸ್ಥಿತಿ ಹತೋಟಿಯಲ್ಲಿದೆ.” ಮೂರನೆಯದು ಎತ್ತಿಕೊಂಡು ಅರ್ಧಕ್ಕೆ ಬಂದಾಗ ಕೆಳಗೆ ಕೂತ ಒಬ್ಬ ಮುದುಕ ಕೂಗಿದ:

“ಏ ಗೌಡಾ, ಅದನ್ನ ಈಗರ ಓದಿದೆಲ್ಲೋ!”

“ಇದು ಬ್ಯಾರೆ ಪೇಪರ್ ಐತೋ.”

“ಮತ್ತ ಅದ ಮಾತೈತಲ್ಲೋ ಮಾರಾಯಾ! ಶೆಡ್ ಒಂದಕ್ಕೆ, ಶೆಡ್ ಒಂದಕ್ಕೆ… ನಾಕು ಮಂದಿ ಬಂದು ನೋಡ್ಯಾರೋ, ಒಬ್ಬಾಂವ ನಾಕ ಬಾಯಿಲೆ ಹೇಳ್ಯಾನೋ?”

ಹೆಂಗಸರ ಕಡೆಯಿಂದ ನಗು ಎದ್ದಿತು. ಗೌಡರು ನಾಲ್ಕನೆಯದನ್ನು ಕಣ್ಣಾಡಿಸಿ, ಗಟ್ಟಿಯಾಗಿ ಓದದೆ, ನಿಧಾನವಾಗಿ ಮಡಚಿಟ್ಟರು.

“ಆವತ್ತು ಯಾರೂ ಬಂದಿಲ್ರಿ,” ಎಂದಳು ಅವಳು. “ಒಬ್ಬರೂ ಬಂದಿಲ್ಲ. ಬಂದಾಕಿ ಈಕಿ ಒಬ್ಬಾಕಿ.”

ಎಲ್ಲರೂ ನನ್ನತ್ತ ತಿರುಗಿದರು. ಸ್ನೇಹದ ನೋಟವೆಂದು ಹೇಳಲಾರೆ. ಹುಡುಗ ತನ್ನ ಬಿಳಿ ಬಟ್ಟೆಯ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅವನ ತಾಯಿ ಅವನ ಇನ್ನೊಂದು ಕೈ ಹಿಡಿದು ಎಬ್ಬಿಸಿ, ಯಾರನ್ನೂ ನೋಡದೆ ಓಣಿಯತ್ತ ನಡೆದಳು. ಸಹಿಯ ಕಾಗದ ಕಟ್ಟೆಯ ಮೇಲೆಯೇ ಉಳಿಯಿತು. ಗೌಡರು ಅದರ ಮೇಲೆ ಕನ್ನಡಕ ಇಟ್ಟು, “ಕೋರ್ಟ್ ಏನ್ ಹೇಳತೈತೋ ಹೇಳಲಿ ತಗೋರಿ,” ಎಂದರು.

ಇಷ್ಟೇ ಗೆದ್ದದ್ದು. ಪ್ರತಿದೂರು ಇನ್ನೂ ಇದೆ. ಯಂತ್ರ ರಿಪೇರಿಯಾಗಿಲ್ಲ. ಗಂಡನ ಕೈ ಕೂಡಿದೆ, ಆದರೆ ಬೆರಳು ಪೂರ್ತಿ ಮಡಚುವುದಿಲ್ಲ. ರಾಜಿಯ ಕಾಗದದಲ್ಲಿ ಅವಳ ಹೆಸರಿನ ಮುಂದೆ ಸಹಿ ಇಲ್ಲ, ಅಷ್ಟೇ.

*

ಅಂದಿನಿಂದ ನಾಲ್ಕು ತಾಲ್ಲೂಕಿನ ಸುದ್ದಿ ನನಗೆ ತಡವಾಗಿ ತಲುಪುತ್ತದೆ. ಸಿಂದಗಿಯ ಹಿರಿಯರು ಎದುರು ಸಿಕ್ಕಾಗ ತಲೆಯಾಡಿಸುತ್ತಾರೆ, ಚಹಾ ಹೇಳುವುದಿಲ್ಲ. ಅಪಘಾತ, ಬೆಂಕಿ, ಕಳವು, ಎಲ್ಲವೂ ಮರುದಿನ ನನ್ನದೇ ಪತ್ರಿಕೆಯಲ್ಲಿ ಓದಿ ನನಗೆ ತಿಳಿಯುತ್ತದೆ. ಡೆಸ್ಕು ಈಗಲೂ ಗುಂಪಿನಲ್ಲಿದೆಯಲ್ಲ. ನಾನು ಊರೂರು ತಿರುಗಿ ಯಾರೂ ಕರೆಯದ ಸುದ್ದಿ ಬರೆಯುತ್ತೇನೆ. ಒಂದೊಂದು ದಿನ ಅಂಗಡಿಯವನೊಂದಿಗೆ ಚಿಲ್ಲರೆ ಮಾತಾಡಿದ್ದು ಬಿಟ್ಟರೆ ಬಾಯಿ ತೆರೆದಿರುವುದಿಲ್ಲ.

ಮೊನ್ನೆ ಗೊಳಸಂಗಿಯಲ್ಲಿದ್ದೆ. ಈರುಳ್ಳಿ ರಾಶಿಯ ಪಕ್ಕ ನಿಂತು ರೈತರೊಬ್ಬರ ಮಾತು ಬರೆದುಕೊಳ್ಳುತ್ತಿದ್ದಾಗ ಫೋನ್ ಬಂತು.

“ಅಕ್ಕಾ, ನಾನ್ರಿ.” ಹಿಂದೆ ಹೋಟೆಲಿನ ಗದ್ದಲ ಕೇಳುತ್ತಿತ್ತು. “ಇವತ್ತಿನ ಪೇಪರ್ ನೋಡಿದ್ರೇನು?”

ನೋಡಿರಲಿಲ್ಲ.

“ಮುದ್ದೇಬಿಹಾಳ ಕಡೀಗಿಂದು. ಎರಡು ಗುಂಪಿನ ನಡುವೆ ಘರ್ಷಣೆ ಅಂತ. ಪರಿಸ್ಥಿತಿ ಹತೋಟಿಯಲ್ಲಿದೆ ಅಂತನೂ ಐತಿ.” ಅವಳು ಬೆರಳಿಟ್ಟು ಓದುತ್ತಿರಬೇಕು, ಪದಗಳು ಒಂದೊಂದೇ ಬಂದವು. “ಇಬ್ಬರಿಗೆ ಗಾಯ. ಎರಡನೇದಾಂವ ಯಾರ್ರಿ?”

“ಗೊತ್ತಿಲ್ಲಕ್ಕಾ.”

“ಮತ್ತ ಹೋಗಿ ಕೇಳ್ರಲಾ,” ಎಂದು ಇಟ್ಟಳು.

ರೈತರಿಗೆ ಬರುತ್ತೇನೆಂದು ಹೇಳಿ ಸ್ಕೂಟಿಯನ್ನು ಮುದ್ದೇಬಿಹಾಳದ ದಾರಿಗೆ ತಿರುಗಿಸಿದೆ.